ಟೊಮೇಟೊ ಕಾಯಿ ಅಡಿಯಲ್ಲೇ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕು. ಒಂದೂವರೆ ಎಕರೆಯಲ್ಲಿ ಟೊಮೇಟೊ ಹಾಕಿದ್ದೇನೆ, ಡ್ರಿಪ್ ಇದೆ. ಗಿಡ ಚೆನ್ನಾಗಿ ಎದ್ದಿದೆ, ಎಲೆ ಕಡುಹಸಿರು. ಆದರೆ ಮೊದಲ ಗೊಂಚಲುಗಳ ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬರುತ್ತಿದ್ದ ಹಾಗೆ ಅಡಿಭಾಗ ಕಂದಾಗಿ, ಆಮೇಲೆ ಕಪ್ಪಾಗಿ, ಒಳಕ್ಕೆ ಕುಸಿಯುತ್ತಿದೆ. ಅಂಗಡಿಯವರು ಕ್ಯಾಲ್ಸಿಯಂ ಕೊರತೆ ಎಂದರು. ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಬಿಟ್ಟೆ, ಎಲೆಗೂ ಸಿಂಪಡಿಸಿದೆ. ಕಡಿಮೆಯಾಗಲಿಲ್ಲ. ಮಣ್ಣು ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ ಎಂದೇ ಬಂದಿದೆ. ಕರೆಂಟ್ ಸರಿಯಾಗಿ ಸಿಗುವುದಿಲ್ಲ, ಎರಡು ಮೂರು ದಿನಕ್ಕೊಮ್ಮೆ ನೀರು. ಬಿಟ್ಟಾಗ ಜಾಸ್ತಿಯೇ ಬಿಡುತ್ತೇನೆ. ಮಣ್ಣಲ್ಲಿ ಇದ್ದದ್ದು ಕಾಯಿಗೆ ಯಾಕೆ ಹೋಗುತ್ತಿಲ್ಲ?

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಇಡೀ ವಿಷಯ ಇದೆ. ಅಂಗಡಿಯವರು ಹೇಳಿದ್ದು ಅರ್ಧ ನಿಜ. ಕಾಯಿಯ ಅಡಿಯಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದು ಹೌದು. ಆದರೆ ನಿಮ್ಮ ಹೊಲದಲ್ಲಿ ಅದು ಕಡಿಮೆ ಇಲ್ಲ, ನಿಮ್ಮ ಗಿಡದಲ್ಲೂ ಕಡಿಮೆ ಇಲ್ಲ. ಗಿಡದೊಳಗೆ ನೀರು ಹರಿಯುವ ರೀತಿಯಿಂದಾಗಿ ಅದು ಕಾಯಿಯ ತುದಿ ತಲುಪುತ್ತಿಲ್ಲ. ಹಾಗಾಗಿ ನೀವು ಸರಿಮಾಡಬೇಕಾದ್ದು ಗೊಬ್ಬರದ ಚೀಲಕ್ಕಿಂತ ಮೊದಲು ನೀರಿನ ವೇಳೆ.

ಮೊದಲು ಇದು ತುದಿ ಕೊಳೆಯೇ ಹೌದಾ ಎಂದು ಖಾತ್ರಿ ಮಾಡಿಕೊಳ್ಳಿ. ಕಲೆ ತೊಟ್ಟಿನ ಎದುರು ಬದಿಯಲ್ಲಿ, ಅಂದರೆ ಹೂವು ಉದುರಿದ ತುದಿಯಲ್ಲೇ ಶುರುವಾಗಿರಬೇಕು. ಮೊದಲು ನೀರು ತುಂಬಿದ ಹಾಗೆ ಮಸುಕಾಗಿ, ನಂತರ ಒಣಗಿ, ಚರ್ಮದಂತೆ ಗಟ್ಟಿಯಾಗಿ ತಗ್ಗಿರಬೇಕು. ಹುಳು ಕೊರೆದ ತೂತು ಇರಬಾರದು. ಇಷ್ಟೂ ಹೊಂದಿದರೆ ಇದು ತುದಿ ಕೊಳೆ, ಬ್ಲಾಸಮ್ ಎಂಡ್ ರಾಟ್ ಎನ್ನುತ್ತಾರಲ್ಲ, ಅದೇ. ಮೇಲೆ ಕಪ್ಪು ಬೂಸ್ಟು ಕಂಡರೂ ಅದು ಸತ್ತ ಭಾಗದ ಮೇಲೆ ಆಮೇಲೆ ಬಂದು ಕೂತದ್ದು. ಇದು ಗಿಡದಿಂದ ಗಿಡಕ್ಕೆ ಹರಡುವುದಿಲ್ಲ. ಶಿಲೀಂಧ್ರನಾಶಕ ಹೊಡೆದರೆ ಹಣ ಹೋಗುತ್ತದೆ, ರೋಗ ಹೋಗುವುದಿಲ್ಲ.

ಈಗ ಒಂದು ಲೆಕ್ಕ ನೋಡೋಣ. 100 ಗ್ರಾಂ ಟೊಮೇಟೊದಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ. ಒಂದು ಟನ್‌ಗೆ 100 ಗ್ರಾಂ ಆಯಿತು. ಎಕರೆಗೆ 30 ಟನ್ ಬೆಳೆದರೂ ಹಣ್ಣಿನ ಜೊತೆ ಹೊಲದಿಂದ ಹೊರಗೆ ಹೋಗುವುದು ಬರೀ ಮೂರು ಕೆಜಿ. ನಿಮ್ಮ ಕಡೆಯ ಕೊಳವೆಬಾವಿ ನೀರು ಗಡಸು. ಬಿಂದಿಗೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೀವೇ ನೋಡಿರುತ್ತೀರಿ. ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿಟ್ಟುಕೊಂಡು, ಬೆಳೆ ಮುಗಿಯುವ ತನಕ ಎಕರೆಗೆ ಹತ್ತು ಲಕ್ಷ ಲೀಟರ್ ಬಿಟ್ಟರೆ ನೀರೊಂದರಿಂದಲೇ 50 ಕೆಜಿ ಬಂದು ಬೀಳುತ್ತದೆ. ಮಣ್ಣಿನಲ್ಲಿರುವುದು ಬೇರೆ. ಇಷ್ಟಿದ್ದೂ ಕಾಯಿ ಹಸಿದಿದೆ!

ಯಾಕೆ ಅಂತ ತಿಳಿಯಬೇಕಾದರೆ ಗಿಡದೊಳಗಿನ ಎರಡು ದಾರಿಗಳನ್ನು ನೋಡಬೇಕು. ಶಾಲೆಯಲ್ಲಿ ಕ್ಸೈಲಂ, ಫ್ಲೋಯಂ ಎಂದು ಓದಿದ್ದೇವೆ. ಪರೀಕ್ಷೆ ಮುಗಿದ ಮೇಲೆ ಮರೆತಿದ್ದೇವೆ. ಆದರೆ ನಿಮ್ಮ ಬೆಳೆಯ ಅರ್ಧಕ್ಕರ್ಧ ಸಮಸ್ಯೆಗಳ ಮೂಲ ಅಲ್ಲೇ ಸಿಗುತ್ತದೆ.

ಕ್ಸೈಲಂ ಅಂದರೆ ಬೇರಿನಿಂದ ಎಲೆಯವರೆಗೆ ಹೋಗುವ ಕೊಳವೆಗಳು. ಆ ಕೊಳವೆಗಳ ಕೋಶಗಳು ಸತ್ತಿರುತ್ತವೆ. ಒಳಗಿನ ಜೀವರಸ ಖಾಲಿಯಾಗಿ ಗೋಡೆ ಮಾತ್ರ ಉಳಿದಿರುತ್ತದೆ. ಇದರಲ್ಲಿ ನೀರು ಮೇಲೇರುವುದು ಹೇಗೆ? ಸಣ್ಣ ಕೊಳವೆಯಲ್ಲಿ ನೀರು ತಾನಾಗೇ ಏರುತ್ತದೆ ಎನ್ನುತ್ತಾರೆ. ನಿಜ, ಆದರೆ 0.05 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಹಾಗೆ ಏರುವುದು ಸುಮಾರು 60 ಸೆಂಟಿಮೀಟರ್ ಮಾತ್ರ. ಕೋಲು ಕೊಟ್ಟು ಕಟ್ಟಿದ ನಿಮ್ಮ ಟೊಮೇಟೊ ಗಿಡಕ್ಕೇ ಅದು ಸಾಲದು, ತೆಂಗಿನ ಮರದ ಮಾತು ದೂರ. ಬಾವಿಯ ಮೇಲೆ ಕೂರಿಸಿದ ಮೋಟರ್ ಸಕ್ಷನ್‌ನಿಂದ ಎಳೆಯುವ ಹಾಗೆ ಅಂದುಕೊಂಡರೂ ಲೆಕ್ಕ ಕೂಡುವುದಿಲ್ಲ. ಸಕ್ಷನ್‌ಗೆ ಲೆಕ್ಕದ ಮಿತಿಯೇ 10 ಮೀಟರ್ ಚಿಲ್ಲರೆ, ನಿಜದಲ್ಲಿ ಏಳೆಂಟು ಮೀಟರ್. ಅದಕ್ಕೇ ಹಿಂದೆ ತೆರೆದ ಬಾವಿಗಳಲ್ಲಿ ನೀರು ಕೆಳಗಿಳಿದ ಹಾಗೆಲ್ಲ ಮೋಟರನ್ನೂ ಕೆಳಕ್ಕೆ ಇಳಿಸಿ ಕೂರಿಸುತ್ತಿದ್ದರು. ತೆಂಗು 20 ಮೀಟರ್ ಎತ್ತರದಲ್ಲಿ ಆರಾಮಾಗಿ ಗರಿಗೆ ನೀರು ಕೊಡುತ್ತದೆ.

ಈ ಒಗಟಿಗೆ ಒಪ್ಪುವಂಥ ಉತ್ತರವನ್ನು 1894ರಲ್ಲಿ ಡಬ್ಲಿನ್‌ನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಕೊಟ್ಟರು. ಎಲೆಯ ಪತ್ರರಂಧ್ರಗಳ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಹೋದ ನೀರಿನ ಜಾಗಕ್ಕೆ ಎಲೆಯ ಕೋಶಗಳ ಗೋಡೆಯ ಸೂಕ್ಷ್ಮ ಸಂದುಗಳಿಂದ ಇನ್ನಷ್ಟು ನೀರು ಬರಬೇಕು. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಒಂದು ಹೊರಟರೆ ಹಿಂದಿನದು ಬರುತ್ತದೆ, ಅದರ ಹಿಂದಿನದೂ ಬರುತ್ತದೆ. ಈ ಎಳೆತ ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ, ಬೇರಿನಿಂದ ಮಣ್ಣಿಗೆ ಇಳಿಯುತ್ತದೆ. ಬಿಸಿಲಿರುವಾಗ ಈ ಕೆಲಸಕ್ಕೆ ಗಿಡ ತನ್ನ ಶಕ್ತಿ ಖರ್ಚು ಮಾಡುವುದಿಲ್ಲ. ಬಿಸಿಲು ಮತ್ತು ಒಣಗಾಳಿ ಎಳೆಯುತ್ತವೆ, ಗಿಡ ದಾರಿ ಕೊಡುತ್ತದೆ. ಬೇರು ಎಳೆದುಕೊಂಡ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತ ಜಾಸ್ತಿ ಹೀಗೆ ಗಾಳಿಗೇ ಹೋಗುತ್ತದೆ. ಚೆನ್ನಾಗಿ ಬೆಳೆದ ಒಂದು ಟೊಮೇಟೊ ಗಿಡ ಬಿಸಿಲಿನ ದಿನ ಒಂದೂವರೆ ಎರಡು ಲೀಟರ್ ಬಿಡಬಲ್ಲದು.

ಕ್ಯಾಲ್ಸಿಯಂ ಪ್ರಯಾಣ ಮಾಡುವುದು ಈ ನೀರಿನ ಜೊತೆ ಮಾತ್ರ. ನೀರು ಎಲ್ಲಿಗೆ ಜಾಸ್ತಿ ಹೋಗುತ್ತದೋ ಅಲ್ಲಿಗೆ ಕ್ಯಾಲ್ಸಿಯಂ ಜಾಸ್ತಿ. ಯಾರಿಗೆ ಎಷ್ಟು ಬೇಕು ಎಂದು ನೋಡಿ ಹಂಚುವ ವ್ಯವಸ್ಥೆ ಇಲ್ಲಿಲ್ಲ.

ಈಗ ನಿಮ್ಮ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಸಿಪ್ಪೆ ನುಣುಪು, ಮೇಣದ ಹೊಳಪು. ಟೊಮೇಟೊ ಸಿಪ್ಪೆಯಲ್ಲಿ ಪತ್ರರಂಧ್ರಗಳೇ ಇರುವುದಿಲ್ಲ. ಕಿತ್ತ ಎಲೆ ಬಿಸಿಲಿನಲ್ಲಿ ಅರ್ಧ ಗಂಟೆಯಲ್ಲಿ ಬಾಡುತ್ತದೆ, ಕಿತ್ತ ಕಾಯಿ ವಾರಗಟ್ಟಲೆ ಇರುತ್ತದೆ. ಮಾರುಕಟ್ಟೆಗೆ ಸಾಗಿಸಲು ಇದು ನಮಗೆ ವರ. ಆದರೆ ಕಾಯಿ ನೀರು ಬಿಡದಿದ್ದರೆ ಕ್ಸೈಲಂ ನೀರನ್ನು ತನ್ನ ಕಡೆ ಎಳೆಯುವುದೂ ಇಲ್ಲ ಅಲ್ವಾ? ಮಧ್ಯಾಹ್ನ ಎಲೆಗಳೆಲ್ಲ ಸೇರಿ ನೀರೆಳೆಯುವಾಗ ಕಾಯಿಯ ಪಾಲಿಗೆ ಬರುವ ಕ್ಸೈಲಂ ನೀರು ತೀರಾ ಕಡಿಮೆ.

ಹಾಗಾದರೆ ಕಾಯಿಯೊಳಗೆ ನೂರಕ್ಕೆ 94–95 ಭಾಗ ನೀರು ಇರುವುದು ಹೇಗೆ? ಅದು ಎರಡನೇ ದಾರಿಯಿಂದ, ಫ್ಲೋಯಂನಿಂದ ಬಂದದ್ದು. ಎಲೆಯಲ್ಲಿ ತಯಾರಾದ ಸಕ್ಕರೆ ಫ್ಲೋಯಂ ಕೊಳವೆಗೆ ತುಂಬಿಕೊಳ್ಳುತ್ತದೆ. ಸಕ್ಕರೆ ತುಂಬಿದಲ್ಲಿಗೆ ಪಕ್ಕದಿಂದ ನೀರು ನುಗ್ಗುತ್ತದೆ, ಒತ್ತಡ ಏರುತ್ತದೆ. ಸಕ್ಕರೆ ಖರ್ಚಾಗುವ ಜಾಗಗಳಲ್ಲಿ, ಅಂದರೆ ಕಾಯಿ, ಚಿಗುರು, ಬೇರಿನ ತುದಿಯಲ್ಲಿ ಒತ್ತಡ ಕಡಿಮೆ. ಪಾಕ ಆ ಕಡೆ ಹರಿಯುತ್ತದೆ. ಜರ್ಮನಿಯ ಅರ್ನ್ಸ್ಟ್ ಮುಂಕ್ 1930ರಲ್ಲಿ ಮುಂದಿಟ್ಟ ಈ ವಿವರಣೆಯನ್ನೇ ಈಗಲೂ ಪಾಠ ಮಾಡುತ್ತಾರೆ. ಕೊಂಬೆಯಲ್ಲೇ ಬೇರು ಬರಿಸಲು ನೀವು ದಾಳಿಂಬೆಗೋ ಸೀಬೆಗೋ ಗೂಟಿ ಕಟ್ಟಿದ್ದರೆ ಎರಡೂ ದಾರಿಗಳನ್ನು ಕಣ್ಣಾರೆ ಕಂಡಿದ್ದೀರಿ. ಕೊಂಬೆಯ ಸುತ್ತ ತೊಗಟೆ ಸುಲಿದರೂ ಮೇಲಿನ ಎಲೆ ಬಾಡುವುದಿಲ್ಲ, ಯಾಕೆಂದರೆ ಕ್ಸೈಲಂ ಒಳಗಿನ ಕಟ್ಟಿಗೆಯಲ್ಲಿದೆ. ಆದರೆ ತೊಗಟೆಯ ಜೊತೆ ಫ್ಲೋಯಂ ಹೋಯಿತು. ಕೆಳಗಿಳಿಯಬೇಕಾದ ಸಕ್ಕರೆ ಸುಲಿದ ಜಾಗದ ಮೇಲಂಚಿನಲ್ಲಿ ತಡೆದು ನಿಲ್ಲುತ್ತದೆ. ಅಂಚು ಉಬ್ಬಿ, ಬೇರು ಬರುವುದು ಅಲ್ಲಿಂದಲೇ.

ಈ ಪಾಕದಲ್ಲಿ ಸಕ್ಕರೆ ಇದೆ, ಪೊಟ್ಯಾಷ್ ಧಾರಾಳವಾಗಿದೆ, ಸಾರಜನಕ, ರಂಜಕ, ಮೆಗ್ನೀಷಿಯಂ ಇವೆ. ಕ್ಯಾಲ್ಸಿಯಂ ಮಾತ್ರ ಹೆಸರಿಗಷ್ಟೇ. ಫ್ಲೋಯಂ ಕೊಳವೆಗಳು ಜೀವಂತ. ಜೀವಂತ ಕೋಶ ತನ್ನ ರಸದಲ್ಲಿ ಕ್ಯಾಲ್ಸಿಯಂ ಅನ್ನು ಅತಿ ಕಡಿಮೆ ಮಟ್ಟದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದರೆ ಅಲ್ಲಿರುವ ರಂಜಕದ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ. ಇದೇ ಕಾರಣಕ್ಕೆ ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ವಾಪಸ್ ಹೊರಡುವುದಿಲ್ಲ. ಮೆಗ್ನೀಷಿಯಂ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ತೆಗೆದು ಹೊಸದಕ್ಕೆ ಕೊಡುತ್ತದೆ. ಅದಕ್ಕೆ ಕೆಳಗಿನ ಎಲೆ ಮೊದಲು ಹಳದಿ. ಕ್ಯಾಲ್ಸಿಯಂ ವಿಷಯದಲ್ಲಿ ಆ ಸಾಲ ಹುಟ್ಟುವುದಿಲ್ಲ. ನೀವು ಎಲೆಗೆ ಸಿಂಪಡಿಸಿದ್ದು ಯಾಕೆ ಕೆಲಸ ಮಾಡಲಿಲ್ಲ ಎನ್ನುವುದಕ್ಕೂ ಇದೇ ಉತ್ತರ. ಎಲೆಗೆ ಬಿದ್ದದ್ದು ಎಲೆಗೇ ಆಯಿತು.

ಅಡಿಭಾಗಕ್ಕೇ ಯಾಕೆ ಏಟು? ತೊಟ್ಟಿನ ಕಡೆಯಿಂದ ಬಂದ ಅಷ್ಟಿಷ್ಟು ಕ್ಯಾಲ್ಸಿಯಂ ದಾರಿಯಲ್ಲೇ ಖರ್ಚಾಗುತ್ತದೆ. ಕೊನೆಯಲ್ಲಿರುವ ತುದಿಗೆ ಕ್ಸೈಲಂ ಎಳೆಗಳೂ ಕಡಿಮೆ. ಕಾಯಿ ಊದಿದ ಹಾಗೆ ಆ ಎಳೆಗಳ ಹರಿವು ಇನ್ನೂ ಇಳಿಯುತ್ತದೆ. ಹೂವು ಕಟ್ಟಿದ ಸುಮಾರು ಎರಡು ವಾರಕ್ಕೆ ಕಾಯಿ ಭರದಿಂದ ಊದಲು ತೊಡಗುತ್ತದೆ. ಫ್ಲೋಯಂನಿಂದ ಸಕ್ಕರೆ ನೀರು ಒಂದೇ ಸಮ ಬರುತ್ತಿರುತ್ತದೆ, ಕೋಶಗಳು ಹಿಗ್ಗುತ್ತಿರುತ್ತವೆ. ಕೋಶದ ಗೋಡೆಯ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದು, ಪೊರೆ ಸೋರದಂತೆ ಕಾಪಾಡುವುದು ಕ್ಯಾಲ್ಸಿಯಂ ಕೆಲಸ. ಅದು ಸಾಲದೆ ಹೋದರೆ ಪೊರೆ ಸೋರಿ, ಕೋಶ ಕುಸಿಯುತ್ತದೆ. ನಿಮಗೆ ಮೊದಲ ದಿನ ಕಾಣುವ ನೀರು ತುಂಬಿದ ಕಲೆ ಅದೇ. ಉದ್ದ ಕಾಯಿಯ ತಳಿಗಳಲ್ಲಿ ಇದು ಜಾಸ್ತಿ, ಚೆರ್ರಿ ಟೊಮೇಟೊದಲ್ಲಿ ಅಪರೂಪ.

ಇದನ್ನು ನಂಬಲೇಬೇಕೆಂದಿಲ್ಲ, ನೀವೇ ನೋಡಬಹುದು. ಸಣ್ಣ ಕಾಯಿಗಳಿರುವ ಒಂದು ಕವಲನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ನೀರೊಳಗೇ ಕತ್ತರಿಸಿ. ಹೊರಗೆ ಕತ್ತರಿಸಿದರೆ ಕೊಳವೆಗೆ ಗಾಳಿ ನುಗ್ಗಿ ಎಳೆತ ತುಂಡಾಗುತ್ತದೆ. ಕತ್ತರಿಸಿದ ತುದಿಯನ್ನು ಅಡುಗೆಯ ಕೆಂಪು ಬಣ್ಣ ಕಲಸಿದ ನೀರಿಗೆ ಬೇಗ ಇಡಿ. ಗಾಳಿಯಾಡುವ ಬೆಳಕಿನ ಜಾಗದಲ್ಲಿ ಕೆಲವು ಗಂಟೆ ಬಿಡಿ. ಎಲೆಯ ನರಗಳು ಕೆಂಪಾಗುತ್ತವೆ. ಆಮೇಲೆ ಕಾಯಿಯನ್ನು ತೊಟ್ಟಿನಿಂದ ಅಡಿಗೆ ಸೀಳಿ. ತೊಟ್ಟಿನ ಹತ್ತಿರ ಕೆಂಪು ಎಳೆಗಳು ಕಾಣಬಹುದು, ಅಡಿಯ ಕಡೆ ಹೋದಂತೆ ಅವು ವಿರಳವಾಗುತ್ತವೆ, ಎಷ್ಟೋ ಕಾಯಿಗಳಲ್ಲಿ ಇರುವುದೇ ಇಲ್ಲ.

ಈಗ ನಿಮ್ಮ ನೀರಿನ ವಿಷಯಕ್ಕೆ ಬರುತ್ತೇನೆ. ಎರಡು ಮೂರು ದಿನ ಒಣಗಿಸಿ, ಆಮೇಲೆ ಒಮ್ಮೆಲೇ ತುಂಬಿಸುತ್ತಿದ್ದೀರಿ. ಕರೆಂಟ್ ನಿಮ್ಮ ಕೈಯಲ್ಲಿಲ್ಲ, ನನಗೆ ಗೊತ್ತು. ಆದರೆ ಬೇರಿಗೆ ಏನಾಗುತ್ತಿದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಬೇರಿನ ಒಳಪದರದಲ್ಲಿ ಮೇಣದಂಥ ಒಂದು ಪಟ್ಟಿ ಇದೆ, ಕ್ಯಾಸ್ಪೇರಿಯನ್ ಪಟ್ಟಿ ಎನ್ನುತ್ತಾರೆ. ಮಣ್ಣಿನಿಂದ ಕೋಶಗಳ ಸಂದಿನಲ್ಲಿ ನುಸುಳಿ ಬರುವುದನ್ನು ಅದು ತಡೆಯುತ್ತದೆ. ಬಲಿತ ಬೇರಿನಲ್ಲಿ ಈ ತಡೆ ಪೂರ್ತಿ ಬಿಗಿ. ಎಳೆಯ ಬಿಳಿ ತುದಿಯ ಹತ್ತಿರ ಇನ್ನೂ ಬಿಗಿಯಾಗಿರುವುದಿಲ್ಲ. ಕ್ಯಾಲ್ಸಿಯಂ ಮುಖ್ಯವಾಗಿ ಒಳಗೆ ಬರುವುದು ಆ ಬಿಳಿ ತುದಿಗಳಿಂದ. ಮಣ್ಣು ಒಣಗಿದರೆ ಮೊದಲು ಸಾಯುವುದು ಅವೇ. ಕೆಸರಾಗುವಷ್ಟು ನೀರು ಬಿಟ್ಟರೆ ಗಾಳಿಯಿಲ್ಲದೆ ಸಾಯುವುದೂ ಅವೇ. ನಿಮ್ಮ ಹೊಲದಲ್ಲಿ ವಾರದೊಳಗೆ ಎರಡೂ ನಡೆಯುತ್ತಿದೆ.

ಇನ್ನೊಂದು ಮಾತು ರಾತ್ರಿಯದ್ದು. ಇದನ್ನು ಯಾರೂ ರೈತರಿಗೆ ಬಿಡಿಸಿ ಹೇಳುವುದಿಲ್ಲ, ಆದರೆ ಕಾಯಿಗೆ ರಾತ್ರಿ ಬಹಳ ಮುಖ್ಯ. ಕತ್ತಲಾದ ಮೇಲೆ ಪತ್ರರಂಧ್ರಗಳು ಮುಚ್ಚಿಕೊಂಡು ಎಲೆಗಳ ಎಳೆತ ನಿಲ್ಲುತ್ತದೆ. ಬೇರು ಮಾತ್ರ ಲವಣಗಳನ್ನು ಒಳಕ್ಕೆ ತುಂಬಿಕೊಳ್ಳುತ್ತಲೇ ಇರುತ್ತದೆ. ಅದರ ಹಿಂದೆ ನೀರು ನುಗ್ಗಿ ಕೆಳಗಿನಿಂದ ಮೇಲಕ್ಕೆ ಒತ್ತಡ ಹುಟ್ಟುತ್ತದೆ. ಈ ಒತ್ತಡ ಎಲೆ, ಕಾಯಿ ಎಂದು ನೋಡದೆ ಎಲ್ಲ ಕಡೆಗೂ ನೀರನ್ನು ದಬ್ಬುತ್ತದೆ. ಕಾಯಿಯ ತುದಿಗೂ ಒಂದಿಷ್ಟು ಕ್ಯಾಲ್ಸಿಯಂ ಸಿಗುವುದು ಈ ಹೊತ್ತಿನಲ್ಲಿ. ಬೆಳಗಿನ ಜಾವ ರಾಗಿ ಪೈರಿನ ಗರಿಗಳ ತುದಿಯಲ್ಲಿ ಒಂದೊಂದು ಹನಿ ನಿಂತಿರುತ್ತದಲ್ಲ, ಟೊಮೇಟೊ ಎಲೆಯ ಅಂಚಿನ ಹಲ್ಲುಗಳಲ್ಲೂ ಇರುತ್ತದೆ, ಅದು ಬೇರಿನ ಒತ್ತಡ ಹೊರಹಾಕಿದ ನೀರು. ಇಬ್ಬನಿಯಾದರೆ ಎಲೆಯ ಮೇಲೆಲ್ಲ ಹರಡಿರುತ್ತದೆ, ಇದು ತುದಿಗಳಲ್ಲಿ ಮಾತ್ರ. ಒಣಮಣ್ಣಿನಲ್ಲಿ ಈ ಒತ್ತಡ ಹುಟ್ಟುವುದೇ ಇಲ್ಲ. ನೀರು ಬಿಟ್ಟ ಮರುದಿನ ಮತ್ತು ಬಿಡದೆ ಎರಡು ದಿನವಾದಾಗ ಸೂರ್ಯ ಹುಟ್ಟುವ ಮೊದಲು ಹೊಲಕ್ಕೆ ಹೋಗಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಎಲೆ ಕಡುಹಸಿರು ಎಂದಿರಿ. ಅದನ್ನು ಓದಿ ನನಗೆ ಸ್ವಲ್ಪ ಚಿಂತೆಯೇ ಆಯಿತು. ಯೂರಿಯಾ ಅಥವಾ ಅಮೋನಿಯಂ ಸಲ್ಫೇಟ್ ಜೋರಾಗಿ ಹೋಗಿರಬೇಕು. ಇದರಿಂದ ಎರಡು ತೊಂದರೆ. ಎಲೆ ಹೆಚ್ಚಾದಷ್ಟೂ ನೀರಿನ ಎಳೆತದಲ್ಲಿ ಎಲೆಯದ್ದೇ ಮೇಲುಗೈ. ಜೊತೆಗೆ ಅಮೋನಿಯಂ ಬೇರಿನ ಬಾಗಿಲಲ್ಲೇ ಕ್ಯಾಲ್ಸಿಯಂಗೆ ಪೈಪೋಟಿ ಕೊಡುತ್ತದೆ. ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಅತಿಯಾದರೂ ಹಾಗೆಯೇ. ಗೊಬ್ಬರ, ನೀರಿನ ಉಪ್ಪು ಸೇರಿ ಮಣ್ಣಿನ ಇ.ಸಿ., ಅಂದರೆ ಕರಗಿದ ಉಪ್ಪು ಎಷ್ಟಿದೆ ಎಂದು ತೋರಿಸುವ ಅಳತೆ, ಏರಿದರೆ ಬೇರಿಗೆ ನೀರೆಳೆಯುವುದೇ ಕಷ್ಟ. ನಿಮ್ಮ ಮಣ್ಣು ಪರೀಕ್ಷೆಯ ಹಾಳೆಯಲ್ಲಿ ಕ್ಯಾಲ್ಸಿಯಂ ಜೊತೆ ಇ.ಸಿ. ಎಷ್ಟಿದೆ ಎಂದೂ ನೋಡಿ.

ಮಾಡಬೇಕಾದ್ದು ಹೀಗೆ. ಕೃಷಿ ಹೊಂಡವೋ ತೊಟ್ಟಿಯೋ ಇದ್ದರೆ ಕರೆಂಟ್ ಬಂದಾಗ ಅದನ್ನು ತುಂಬಿಸಿಕೊಂಡು, ಡ್ರಿಪ್‌ಗೆ ಅಲ್ಲಿಂದ ದಿನಾ ಸ್ವಲ್ಪ ಸ್ವಲ್ಪ ಬಿಡಿ. ಮೂರು ದಿನದ ನೀರನ್ನು ಒಂದೇ ದಿನ ಕೊಡುವುದಕ್ಕಿಂತ ಅಷ್ಟೇ ನೀರನ್ನು ಮೂರು ಪಾಲು ಮಾಡಿ ಕೊಡುವುದು ಸಾವಿರ ಪಾಲು ಮೇಲು. ಸಾಧ್ಯವಾದರೆ ಒಂದು ಪಾಲನ್ನು ಸಂಜೆ ಕೊಡಿ, ರಾತ್ರಿ ಬೇರಿನ ಹತ್ತಿರ ತೇವ ಇರಲಿ. ಡ್ರಿಪ್ ಆದ್ದರಿಂದ ಎಲೆ ನೆನೆಯುವ ಭಯ ಇಲ್ಲ. ಮಲ್ಚಿಂಗ್ ಶೀಟ್ ಹಾಕಿಲ್ಲದಿದ್ದರೆ ಸಾಲಿಗೆ ಒಣಹುಲ್ಲೋ ಕಬ್ಬಿನ ರವದಿಯೋ ಹೊದಿಸಿ. ಅಳತೆಗೆ ಯಂತ್ರ ಬೇಕಿಲ್ಲ. ಡ್ರಿಪ್ಪರ್ ಪಕ್ಕ ಅರ್ಧ ಅಡಿ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಬೇಕು, ನೀರು ಸುರಿಯಬಾರದು. ಹಾಗೇ ಆ ಗುಂಡಿಯಲ್ಲಿ ಬಿಳಿ ಬೇರಿನ ತುದಿ ಕಾಣುತ್ತದಾ ನೋಡಿ. ಬೇರೆಲ್ಲ ಕಂದಾಗಿದ್ದರೆ ಯಾವ ಕ್ಯಾಲ್ಸಿಯಂ ಬಿಟ್ಟರೂ ಸುಮ್ನೆ.

ಕಾಯಿ ಕಟ್ಟುವ ಈ ಹಂತದಲ್ಲಿ ಯೂರಿಯಾ, ಅಮೋನಿಯಂ ಗೊಬ್ಬರ ನಿಲ್ಲಿಸಿ. ಸಾರಜನಕ ಬೇಕಾದರೆ ನೈಟ್ರೇಟ್ ರೂಪದಲ್ಲಿ ಕೊಡಿ. ಹಾಗಾಗಿ ಕ್ಯಾಲ್ಸಿಯಂ ನೈಟ್ರೇಟ್ ಬಿಡುವುದು ತಪ್ಪಲ್ಲ, ಸಣ್ಣ ಪ್ರಮಾಣದಲ್ಲಿ ಮುಂದುವರಿಸಬಹುದು. ಆದರೆ ಅದನ್ನು ಸಲ್ಫೇಟ್ ಅಥವಾ ರಂಜಕ ಇರುವ ಗೊಬ್ಬರದ ಜೊತೆ ಒಂದೇ ಟ್ಯಾಂಕಿನಲ್ಲಿ ಬೆರೆಸಬೇಡಿ. ಬಿಳಿ ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ. ಆಗ ಕೆಲವು ಗಿಡಗಳಿಗೆ ನೀರೂ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲ.

ಸಿಂಪಡಿಸಲೇಬೇಕು ಎಂದರೆ ಗುರಿ ಕಾಯಿಯಾಗಿರಲಿ. ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬಟಾಣಿಯಿಂದ ಗೋಲಿ ಗಾತ್ರದ ಎಳೆಗಾಯಿಗಳ ಮೇಲೆ ಬೀಳುವಂತೆ ಸಂಜೆ ತಂಪಿನಲ್ಲಿ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸಿಪ್ಪೆಯ ಮೂಲಕ ಒಳಗೆ ಹೋಗುವುದು ಅಷ್ಟಕ್ಕಷ್ಟೇ, ಆದ್ದರಿಂದ ಇದನ್ನೇ ನಂಬಿಕೊಂಡು ನೀರನ್ನು ಮರೆಯಬೇಡಿ.

ಇದೇ ತತ್ವವನ್ನು ನಮ್ಮ ಚಳ್ಳಕೆರೆ, ಪಾವಗಡ ಕಡೆಯ ಶೇಂಗಾ ಬೆಳೆಗಾರರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಶೇಂಗಾ ಕಾಯಿ ಬೆಳೆಯುವುದು ಮಣ್ಣಿನೊಳಗೆ. ಅಲ್ಲಿ ನೀರು ಆವಿಯಾಗಿ ಹೋಗುವ ಪ್ರಶ್ನೆಯೇ ಇಲ್ಲ, ಹಾಗಾಗಿ ಬೇರು ಎಳೆದ ಕ್ಯಾಲ್ಸಿಯಂ ಎಲೆಗೆ ಹೋಗುತ್ತದೆ, ಕಾಯಿಗೆ ಬರುವುದಿಲ್ಲ. ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು. ಅದಕ್ಕೇ ಹೂ ಬಿಟ್ಟು ಊಡು (ಕಾಯಿ ಕಟ್ಟಲು ಮಣ್ಣಿಗೆ ಇಳಿಯುವ ಎಳೆ) ಇಳಿಯುವ ಹೊತ್ತಿಗೆ, ಕ್ಯಾಲ್ಸಿಯಂ ಇರುವ ಜಿಪ್ಸಮ್ ಅನ್ನು ಗಿಡದ ಬುಡಕ್ಕೆ, ಕಾಯಿ ಕಟ್ಟುವ ಜಾಗಕ್ಕೇ ಹಾಕಿ ಮಣ್ಣು ಏರಿಸುವುದು. ಅದು ಸಿಗದಿದ್ದರೆ ಕಾಯಿ ಜೊಳ್ಳು. ಎಲೆಕೋಸಿನ ಒಳ ಎಲೆಗಳ ಅಂಚು ಸುಡುವುದು, ಸೇಬಿನಲ್ಲಿ ಕಹಿ ಚುಕ್ಕೆ ಬರುವುದು, ಎಲ್ಲ ಇದೇ ಸಂಸಾರದ ಕಾಯಿಲೆಗಳು.

ಈಗಾಗಲೇ ಕಪ್ಪಾದ ಕಾಯಿ ಸರಿಹೋಗುವುದಿಲ್ಲ. ಅವನ್ನು ಕಿತ್ತುಹಾಕಿ, ಗಿಡ ಅದಕ್ಕೆ ಸಕ್ಕರೆ ಸುರಿಯುವುದು ತಪ್ಪುತ್ತದೆ. ನೀರಿನ ವೇಳೆ ಬದಲಿಸಿದ ದಿನ ಹೂವಿನಲ್ಲಿದ್ದ ಗೊಂಚಲುಗಳಿಗೆ ಒಂದು ದಾರ ಕಟ್ಟಿ ಗುರುತು ಮಾಡಿ. ಫಲಿತಾಂಶ ನೋಡಬೇಕಾದ್ದು ಅವುಗಳಲ್ಲಿ, ಎರಡು ಮೂರು ವಾರದ ನಂತರ. ಅವೂ ಕಪ್ಪಾದರೆ ಮಣ್ಣಿನ ಇ.ಸಿ., ಕೊಳವೆಬಾವಿ ನೀರಿನ ಪರೀಕ್ಷೆಯ ಹಾಳೆ ಮತ್ತು ಈ ಬೆಳೆಗೆ ಹಾಕಿದ ಗೊಬ್ಬರದ ಪಟ್ಟಿ ಕಳಿಸಿ, ಮತ್ತೆ ನೋಡೋಣ.